ಜನಸಂಖ್ಯೆಯ ಮುನ್ನಂದಾಜು: ರಾಜ್ಯಗಳ ಲೆಕ್ಕವನ್ನು ಎಷ್ಟು ನಂಬಬಹುದು?

ಭಾರತದ ಜನಸಂಖ್ಯೆ ಈಗ ಎಷ್ಟು? ಉತ್ತರ ಹೇಳುವವರು ಯಾರೇ ಆಗಿರಲಿ, ಅವರು ಕೊಡುವುದು ಎಣಿಸಿ ಪಡೆದ ಸಂಖ್ಯೆಯಲ್ಲ. ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಬಂದ ಎಣಿಕೆ 2021ರಲ್ಲಿ ನಡೆಯಲಿಲ್ಲ. ಮೊದಲು ಕೋವಿಡ್ ಕಾರಣದಿಂದ, ಆಮೇಲೆ ಬೇರೆ ಬೇರೆ ಕಾರಣಗಳಿಂದ ಅದು ಮುಂದೆ ಹೋಯಿತು. 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿಟ್ಟುಕೊಂಡು ಜನಗಣತಿ ನಡೆಸುವುದಾಗಿ 2025ರ ಜೂನ್‌ನಲ್ಲಿ ಪ್ರಕಟಿಸಲಾಯಿತು. ನಡುವಿನ ಈ ಹದಿನಾರು ವರ್ಷಗಳ ಅಂತರವನ್ನು ತುಂಬಿರುವುದು ಒಂದು ವರದಿ. ರಾಷ್ಟ್ರೀಯ ಜನಸಂಖ್ಯಾ ಆಯೋಗ ನೇಮಿಸಿದ ತಾಂತ್ರಿಕ ತಂಡ 2019ರಲ್ಲಿ ಸಿದ್ಧಪಡಿಸಿದ, 2011ರಿಂದ 2036ರವರೆಗೆ ದೇಶದ ಮತ್ತು ರಾಜ್ಯಗಳ ಜನಸಂಖ್ಯೆಯನ್ನು ಮುನ್ನಂದಾಜು ಮಾಡುವ ವರದಿ ಅದು.

ರಾಜ್ಯಗಳ ತಲಾ ಆದಾಯ, ಲಸಿಕೆಯ ಗುರಿ, ಲಕ್ಷ ಜನರಿಗೆ ಇಷ್ಟು ಎಂದು ಹೇಳುವ ಹಲವು ಅಂಕಿಅಂಶಗಳು, ಇವುಗಳ ಛೇದದಲ್ಲಿ ಕೂತಿರುವುದು ಈ ವರದಿಯ ಸಂಖ್ಯೆಗಳೇ. ಆದರೂ ಅಂಶವನ್ನು ಅಳೆಯುವಾಗ ತೋರುವ ಎಚ್ಚರವನ್ನು ಛೇದದ ಬಗ್ಗೆ ನಾವು ತೋರುವುದಿಲ್ಲ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಒಂದು ಅಳತೆಯನ್ನು ದೋಷದ ಮಿತಿ ಇಲ್ಲದೆ ಬರೆದು ತಂದರೆ ನಾವು ಅಂಕ ಕಳೆಯುತ್ತೇವೆ. ಅದೇ ಕಣ್ಣಿನಿಂದ ಈ ವರದಿಯನ್ನು ಓದುವುದು ಇಲ್ಲಿನ ಉದ್ದೇಶ.

ಮೊದಲಿಗೆ ವರದಿ ಹೇಳುವುದೇನು ಎಂಬುದನ್ನು ನೋಡೋಣ. 2011ರಲ್ಲಿ 121.1 ಕೋಟಿ ಇದ್ದ ದೇಶದ ಜನಸಂಖ್ಯೆ 2036ಕ್ಕೆ ಸುಮಾರು 152 ಕೋಟಿ ಆಗುತ್ತದೆ. ಹೆಚ್ಚುವ ಸುಮಾರು 31 ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಿಹಾರ, ಉತ್ತರ ಪ್ರದೇಶ, ಮಹಾರಾಷ್ಟ್ರ, ಪಶ್ಚಿಮ ಬಂಗಾಳ ಮತ್ತು ಮಧ್ಯ ಪ್ರದೇಶ ಎಂಬ ಐದೇ ರಾಜ್ಯಗಳದ್ದು. ದಕ್ಷಿಣದ ಐದು ರಾಜ್ಯಗಳು ಒಟ್ಟಾಗಿ ಸೇರಿಸುವುದು ಶೇ 10ಕ್ಕೂ ಕಡಿಮೆ. ಒಬ್ಬ ಮಹಿಳೆ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ ಸಂಖ್ಯೆ, ಅಂದರೆ ಒಟ್ಟು ಫಲವಂತಿಕೆ ದರ, 2011-15ರಲ್ಲಿ 2.34 ಇದ್ದದ್ದು 2031-35ಕ್ಕೆ 1.73ಕ್ಕೆ ಇಳಿಯುತ್ತದೆ. ಬಿಹಾರ ಮಾತ್ರ 2.1ರ ಮಟ್ಟವನ್ನು 2039ರ ಹೊತ್ತಿಗಷ್ಟೇ ತಲುಪುತ್ತದೆ. ಒಂದು ತಲೆಮಾರು ತನ್ನಷ್ಟೇ ದೊಡ್ಡ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಲು ಬೇಕಾದ ದರ ಈ 2.1. ಇದನ್ನು ಮರುಭರ್ತಿ ಮಟ್ಟ ಎನ್ನುತ್ತಾರೆ.

ರಾಜ್ಯವಾರು ಲೆಕ್ಕ ಹಾಕಿರುವುದು ವರದಿಯ ದೊಡ್ಡ ಗುಣ. ಇದು ಕೇವಲ ವಿವರದ ಆಸೆಯಿಂದ ಮಾಡಿದ್ದಲ್ಲ, ಗಣಿತವೇ ಅದನ್ನು ಬೇಡುತ್ತದೆ. ಬೇರೆ ಬೇರೆ ದರದಲ್ಲಿ ಬೆಳೆಯುವ ಭಾಗಗಳನ್ನು ಒಂದು ಸರಾಸರಿ ದರದಿಂದ ಮುಂದಕ್ಕೆ ಒಯ್ದರೆ ಉತ್ತರ ತಪ್ಪುತ್ತದೆ. ತಲಾ 10 ಕೋಟಿ ಜನರಿರುವ ಎರಡು ರಾಜ್ಯಗಳನ್ನು ಕಲ್ಪಿಸಿಕೊಳ್ಳಿ. ಒಂದು ವರ್ಷಕ್ಕೆ ಶೇ 0.5ರಂತೆ, ಇನ್ನೊಂದು ಶೇ 2ರಂತೆ ಬೆಳೆಯುತ್ತದೆ. ಸರಾಸರಿ ದರ ಶೇ 1.25. ಈ ಸರಾಸರಿಯನ್ನು ಹಿಡಿದರೆ 20 ಕೋಟಿ ಜನ 50 ವರ್ಷಗಳಲ್ಲಿ 37.2 ಕೋಟಿ ಆಗಬೇಕು. ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ ಮೊದಲ ರಾಜ್ಯ 12.8 ಕೋಟಿ, ಎರಡನೆಯದು 26.9 ಕೋಟಿ, ಒಟ್ಟು 39.7 ಕೋಟಿ. ಎರಡೂ ರಾಜ್ಯಗಳ ದರ ಒಂದಿಷ್ಟೂ ಬದಲಾಗಿಲ್ಲ. ಆದರೆ ಒಟ್ಟು ಬೆಳವಣಿಗೆ ದರ ಶೇ 1.25ರಿಂದ ಶೇ 1.5ಕ್ಕೆ ಏರಿದೆ. ವೇಗವಾಗಿ ಬೆಳೆಯುವ ಭಾಗದ ತೂಕ ಹೆಚ್ಚುತ್ತಾ ಹೋದದ್ದೇ ಇದಕ್ಕೆ ಕಾರಣ. ಎರಡು ವಿಕಿರಣಶೀಲ ಧಾತುಗಳ ಮಿಶ್ರಣದ ಅರ್ಧಾಯುಷ್ಯ ಎಷ್ಟು ಎಂದು ಕೇಳಿದರೆ ಒಂದೇ ಉತ್ತರ ಇರುವುದಿಲ್ಲ ಎಂಬುದನ್ನು ಪಿಯುಸಿ ವಿದ್ಯಾರ್ಥಿಗೆ ನಾವು ಹೇಳಿಕೊಡುತ್ತೇವೆ. ಇಷ್ಟಾದರೂ 'ಭಾರತದ ಜನಸಂಖ್ಯೆ ಇಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ' ಎಂಬ ಲೆಕ್ಕವನ್ನು ನಮ್ಮ ಪ್ರಶ್ನೆಪತ್ರಿಕೆಗಳು ಇನ್ನೂ ಬಿಟ್ಟಿಲ್ಲ.

ವರದಿ ಅನುಸರಿಸಿರುವ ವಿಧಾನಕ್ಕೆ ಸಹವಯೋಗುಂಪು ಘಟಕ ವಿಧಾನ ಎನ್ನಬಹುದು. ಜನರನ್ನು ಲಿಂಗ ಮತ್ತು ಐದು ವರ್ಷಗಳ ವಯೋಗುಂಪುಗಳಾಗಿ ವಿಂಗಡಿಸುತ್ತಾರೆ. ಇಂದು 20ರಿಂದ 24 ವರ್ಷದವರಲ್ಲಿ ಸಾಯುವವರನ್ನು ಕಳೆದರೆ ಉಳಿದವರು ಐದು ವರ್ಷಗಳ ನಂತರ 25ರಿಂದ 29ರ ಗುಂಪಿಗೆ ಸೇರುತ್ತಾರೆ. 15ರಿಂದ 49 ವರ್ಷದ ಮಹಿಳೆಯರ ಸಂಖ್ಯೆಯನ್ನು ಆಯಾ ವಯಸ್ಸಿನ ಫಲವಂತಿಕೆಯಿಂದ ಗುಣಿಸಿದರೆ ಹುಟ್ಟುವ ಮಕ್ಕಳ ಸಂಖ್ಯೆ ಸಿಗುತ್ತದೆ. ಕೊನೆಯಲ್ಲಿ ವಲಸೆ ಬಂದವರನ್ನು ಕೂಡಿಸಿ ಹೋದವರನ್ನು ಕಳೆಯಬೇಕು. ಮುಂದಿನ ಐದು ವರ್ಷಕ್ಕೆ ಇದೇ ಕ್ರಿಯೆಯ ಪುನರಾವರ್ತನೆ. ಮಾತೃಕೆಗಳ ಗುಣಾಕಾರ ಗೊತ್ತಿರುವ ವಿದ್ಯಾರ್ಥಿ ಗಣಕದಲ್ಲಿ ಒಂದು ಮಧ್ಯಾಹ್ನದಲ್ಲಿ ಇದನ್ನು ಮಾಡಬಲ್ಲ.

ಜನಸಂಖ್ಯೆಯ ಜಡತ್ವ ಎಂಬ ವಿದ್ಯಮಾನ ತಾನಾಗಿ ಹೊರಬರುವುದು ಈ ವಿಧಾನದ ಸೊಗಸು. ತಮಿಳುನಾಡಿನ ಫಲವಂತಿಕೆ 1990ರ ದಶಕದಲ್ಲೇ ಮರುಭರ್ತಿ ಮಟ್ಟಕ್ಕೆ ಇಳಿದಿತ್ತು. ಆದರೆ ಅದರ ಜನಸಂಖ್ಯೆ 2001-2011ರಲ್ಲಿ ಶೇ 15.6ರಷ್ಟು ಹೆಚ್ಚಿತು. ಹಿಂದೆ ಹೆಚ್ಚು ಮಕ್ಕಳು ಹುಟ್ಟುತ್ತಿದ್ದ ಕಾಲದಲ್ಲಿ ಜನಿಸಿದ ಹೆಣ್ಣುಮಕ್ಕಳೇ ಈಗ ತಾಯಂದಿರು. ಒಬ್ಬೊಬ್ಬರಿಗೆ ಮಕ್ಕಳು ಕಡಿಮೆ, ತಾಯಂದಿರು ಮಾತ್ರ ಹೆಚ್ಚು. ಅಜ್ಜಂದಿರೂ ಹೆಚ್ಚು ಕಾಲ ಬದುಕುತ್ತಿದ್ದಾರೆ. ಫಲವಂತಿಕೆ ಇಳಿದ ಮೇಲೂ ಜನಸಂಖ್ಯೆ ಎರಡು ಮೂರು ದಶಕ ಏರುವುದು ಹೀಗೆ. ಆದರೆ ತಮಿಳುನಾಡಿನ ಆ ಶೇ 15.6ಕ್ಕೆ ಜಡತ್ವವೊಂದೇ ಸಮಾಧಾನವಲ್ಲ. ಅದಕ್ಕೆ ಹಿಂದಿನ ದಶಕದಲ್ಲಿ ಅಲ್ಲಿನ ಬೆಳವಣಿಗೆ ಶೇ 11.7 ಮಾತ್ರ ಇತ್ತು! ಫಲವಂತಿಕೆ ಇಳಿಯುತ್ತಿರುವಾಗ ಬೆಳವಣಿಗೆ ಏರಿದ್ದು ಹೇಗೆ?

ಹಿಂದಿನ ಮುನ್ನಂದಾಜಿನ ಪರೀಕ್ಷೆ

ಮುನ್ನಂದಾಜನ್ನು ಒರೆಗೆ ಹಚ್ಚಲು ಒಂದೇ ದಾರಿ. ಹಿಂದಿನದನ್ನು ತೆಗೆದು, ಆಮೇಲೆ ನಡೆದ ಎಣಿಕೆಯೊಂದಿಗೆ ಹೋಲಿಸಬೇಕು. ಇಂತಹದೇ ತಾಂತ್ರಿಕ ತಂಡ 2006ರಲ್ಲಿ 2001ರಿಂದ 2026ರವರೆಗಿನ ಮುನ್ನಂದಾಜನ್ನು ಕೊಟ್ಟಿತ್ತು. ಅದು 2011ಕ್ಕೆ ಹೇಳಿದ್ದನ್ನೂ 2011ರಲ್ಲಿ ಎಣಿಸಿದ್ದನ್ನೂ ಪಕ್ಕಪಕ್ಕ ಇಡೋಣ.

ಇಡೀ ದೇಶಕ್ಕೆ ಮುನ್ನಂದಾಜು ಸುಮಾರು 119.3 ಕೋಟಿ, ಎಣಿಕೆ 121.1 ಕೋಟಿ. ವ್ಯತ್ಯಾಸ ಶೇ 1.5. ಯಾರೂ ಮೆಚ್ಚಬೇಕಾದ ನಿಖರತೆ. ಉತ್ತರ ಪ್ರದೇಶಕ್ಕೆ ಹೇಳಿದ್ದು 20.1 ಕೋಟಿ, ಸಿಕ್ಕಿದ್ದು 19.98 ಕೋಟಿ. ಇದಂತೂ ಅರ್ಧ ಶೇಕಡಾ ಒಳಗೆ. ಈಗ ಬಿಹಾರವನ್ನು ನೋಡಿ. ಹೇಳಿದ್ದು 9.77 ಕೋಟಿ, ಎಣಿಸಿದಾಗ 10.41 ಕೋಟಿ, ಶೇ 6ರಷ್ಟು ಕಡಿಮೆ. ತಮಿಳುನಾಡಿಗೆ 6.74 ಕೋಟಿ ಹೇಳಿದ್ದರು, ಇದ್ದದ್ದು 7.21 ಕೋಟಿ, ಶೇ 6.5ರಷ್ಟು ಕಡಿಮೆ. ಕೇರಳದಲ್ಲಿ ದೋಷ ಇನ್ನೊಂದು ದಿಕ್ಕಿನದು. 3.46 ಕೋಟಿ ಎಂದು ನಿರೀಕ್ಷಿಸಿದ್ದರೆ ಸಿಕ್ಕಿದ್ದು 3.34 ಕೋಟಿ. ದೆಹಲಿಗೆ 1.85 ಕೋಟಿ ಎಂದಿದ್ದರು, ಇದ್ದದ್ದು 1.68 ಕೋಟಿ, ಶೇ 10ರಷ್ಟು ಹೆಚ್ಚು. ಕರ್ನಾಟಕಕ್ಕೆ 5.94 ಕೋಟಿ ಎಂದಿದ್ದ ಕಡೆ 6.11 ಕೋಟಿ ಜನರಿದ್ದರು. ಅಂದರೆ ಐದೇ ವರ್ಷ ಮುಂದಿನ ಸಂಖ್ಯೆಯಲ್ಲಿ ನಮ್ಮ ರಾಜ್ಯದ ಸುಮಾರು 17 ಲಕ್ಷ ಜನ ಲೆಕ್ಕದಿಂದ ಹೊರಗಿದ್ದರು.

ಮೊತ್ತ ಚೆನ್ನಾಗಿ ಹೊಂದುತ್ತದೆ, ಬಿಡಿಭಾಗಗಳು ಹೊಂದುವುದಿಲ್ಲ. ಭೌತವಿಜ್ಞಾನ ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಿಡಿ ದೋಷಗಳು ಕೂಡುವಾಗ ಒಂದಿಷ್ಟು ಪರಸ್ಪರ ರದ್ದಾಗುತ್ತವೆ. ಅದಲ್ಲದೆ ಬಿಹಾರದಿಂದ ದೆಹಲಿಗೆ ಹೋದವನು ದೇಶದ ಮೊತ್ತವನ್ನು ಬದಲಿಸುವುದಿಲ್ಲ, ಎರಡು ರಾಜ್ಯಗಳ ಲೆಕ್ಕವನ್ನು ಬದಲಿಸುತ್ತಾನೆ. ಹೀಗಾಗಿ ದೇಶದ ಮೊತ್ತ ಸರಿಬಂತು ಎಂಬುದು ರಾಜ್ಯಗಳ ಸಂಖ್ಯೆಗೆ ಪ್ರಮಾಣಪತ್ರವಾಗದು. ಪತ್ರಿಕೆಗಳು ಸಾಮಾನ್ಯವಾಗಿ ಮಾಡುವ ತಪ್ಪು ಇದೇ.

ದೋಷ ಎಲ್ಲಿಂದ ಬಂತು? ತಮಿಳುನಾಡನ್ನೇ ತೆಗೆದುಕೊಳ್ಳೋಣ. ಆ ದಶಕದಲ್ಲಿ ಅಲ್ಲಿ ಸಾವಿರ ಜನರಿಗೆ ವರ್ಷಕ್ಕೆ ಸುಮಾರು 16 ಜನನಗಳು. ಅಂದರೆ ವರ್ಷಕ್ಕೆ ಸುಮಾರು 11 ಲಕ್ಷ, ಹತ್ತು ವರ್ಷಕ್ಕೆ 1.1 ಕೋಟಿ. ಮುನ್ನಂದಾಜಿನಲ್ಲಿ ಕಡಿಮೆಯಾದದ್ದು 47 ಲಕ್ಷ. ಇದಕ್ಕೆ ಜನನಗಳ ಅಂದಾಜು ಮಾತ್ರ ಕಾರಣವಾಗಿದ್ದರೆ ಅದು ಶೇ 40ರಷ್ಟು ತಪ್ಪಿರಬೇಕಿತ್ತು. ಮಾದರಿ ನೋಂದಣಿ ವ್ಯವಸ್ಥೆ ವರ್ಷವರ್ಷವೂ ಜನನ ದರವನ್ನು ಅಳೆಯುವ ದೇಶದಲ್ಲಿ ಅಷ್ಟು ದೊಡ್ಡ ತಪ್ಪು ಅಸಾಧ್ಯ. ಮರಣಗಳ ಸಂಖ್ಯೆ ಜನನಕ್ಕಿಂತಲೂ ಚಿಕ್ಕದು. ಅಲ್ಲಿಗೆ ಉಳಿಯುವುದು ಎರಡೇ: ವಲಸೆ, ಮತ್ತು 2001ರ ಎಣಿಕೆಯಲ್ಲೇ ಬಿಟ್ಟುಹೋದವರು. ಈ ಎರಡರ ಪಾಲು ಎಷ್ಟೆಷ್ಟು ಎಂದು ವಿಂಗಡಿಸುವುದು ಕಷ್ಟ. ಆದರೆ ಎರಡೂ ವಿಧಾನದ ಒಳಗೆ ಸರಿಪಡಿಸುವಂಥವಲ್ಲ, ಹೊರಗಿನಿಂದ ಕೊಡಬೇಕಾದ ಮಾಹಿತಿ.

ಜನನ, ಮರಣಗಳ ಪ್ರವೃತ್ತಿ ನಿಧಾನವಾಗಿ ಬದಲಾಗುತ್ತದೆ. ಅದಕ್ಕೆ ಒಂದು ವಕ್ರರೇಖೆಯನ್ನು ಹೊಂದಿಸಿ ಮುಂದಕ್ಕೆ ಎಳೆಯಬಹುದು. ವಲಸೆ ಹಾಗಲ್ಲ. ಒಂದು ಊರಿನಲ್ಲಿ ಕಾರ್ಖಾನೆ ಬಂದರೆ, ಇನ್ನೊಂದು ಕಡೆ ಎರಡು ವರ್ಷ ಮಳೆ ಕೈಕೊಟ್ಟರೆ ದಿಕ್ಕೇ ಬದಲಾಗುತ್ತದೆ. ಹಿಂದಿನ ಜನಗಣತಿಯಿಂದ ತಿಳಿದ ವಲಸೆಯ ಚಿತ್ರವನ್ನೇ ಮುಂದಕ್ಕೆ ಒಯ್ಯದೆ ಅಂದಾಜು ಮಾಡುವವರಿಗೆ ಬೇರೆ ದಾರಿ ಇಲ್ಲ. ಬೆಂಗಳೂರು, ತಿರುಪ್ಪೂರು, ಕೊಚ್ಚಿಗಳಲ್ಲಿ ಉತ್ತರ ಮತ್ತು ಪೂರ್ವ ರಾಜ್ಯಗಳಿಂದ ಬಂದ ಎಷ್ಟು ಜನ ಕಟ್ಟಡಗಳಲ್ಲಿ, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದಾರೆ ಎಂಬುದನ್ನು 2011ರ ಕೋಷ್ಟಕ ಹೇಗೆ ಹೇಳಬಲ್ಲದು? 2020ರ ಲಾಕ್‌ಡೌನ್‌ನಲ್ಲಿ ಅವರು ಹೆದ್ದಾರಿಗಳಲ್ಲಿ ನಡೆದು ಹೊರಟಾಗಲೇ ನಮಗೆ ಅವರ ಸಂಖ್ಯೆಯ ಅಂದಾಜು ಸಿಕ್ಕಿದ್ದು.

ಅಳತೆಯ ಉಪಕರಣಕ್ಕೂ ದೋಷವಿದೆ ಎಂಬುದನ್ನು ಮರೆಯಬಾರದು. ಪ್ರತಿ ಜನಗಣತಿಯ ನಂತರ ಆಯ್ದ ಪ್ರದೇಶಗಳಲ್ಲಿ ಮರುಸಮೀಕ್ಷೆ ನಡೆಸಿ ಎಷ್ಟು ಜನ ಬಿಟ್ಟುಹೋದರೆಂದು ಪರಿಶೀಲಿಸುತ್ತಾರೆ. 2011ರಲ್ಲಿ ಸಾವಿರಕ್ಕೆ ಸುಮಾರು 23 ಮಂದಿ ಬಿಟ್ಟುಹೋಗಿದ್ದರು. ದೇಶಕ್ಕೆ ಅನ್ವಯಿಸಿದರೆ ಅದು ಸುಮಾರು 2.8 ಕೋಟಿ ಜನ. ದೇಶದ ಮಟ್ಟದಲ್ಲಿ ಮುನ್ನಂದಾಜಿನ ದೋಷ 1.8 ಕೋಟಿ ಇತ್ತೆಂದು ಮೇಲೆ ನೋಡಿದೆವು. ಅಳತೆಪಟ್ಟಿಯ ದೋಷವೇ ಅದಕ್ಕಿಂತ ದೊಡ್ಡದು!

ಹೀಗಿರುವಾಗ ವರದಿ ಸಂಖ್ಯೆಗಳನ್ನು ಮುದ್ರಿಸಿರುವ ಬಗೆಯ ಮೇಲೆ ನನ್ನ ಮುಖ್ಯ ಆಕ್ಷೇಪವಿದೆ. ಪ್ರತಿ ರಾಜ್ಯಕ್ಕೂ ಪ್ರತಿ ವರ್ಷಕ್ಕೂ ಸಾವಿರದ ಸ್ಥಾನದವರೆಗೆ ಒಂದೇ ಸಂಖ್ಯೆ. 2021ಕ್ಕೆ ಕರ್ನಾಟಕದ ಜನಸಂಖ್ಯೆ ಐದು ಸಾರ್ಥಕ ಅಂಕಿಗಳಲ್ಲಿ ಬಂದಿದೆ, ಪೂರ್ಣಾಂಕಕ್ಕೆ ತಂದರೆ 6.68 ಕೋಟಿ. ಹಿಂದಿನ ಸಲ ಎರಡನೆಯ ಅಂಕಿಯೇ ಅಲುಗಾಡಿತ್ತು. ಮೂರನೆಯದರ ನಂತರ ಬರೆದದ್ದಕ್ಕೆ ಅರ್ಥವೇ ಇಲ್ಲ. 2014ರಿಂದ ವಿಶ್ವಸಂಸ್ಥೆ ತನ್ನ ಮುನ್ನಂದಾಜುಗಳನ್ನು ಸಂಭಾವ್ಯತೆಯ ರೂಪದಲ್ಲಿ ಕೊಡುತ್ತಿದೆ. ಮಧ್ಯದ ರೇಖೆಯ ಎರಡೂ ಬದಿಗೆ ಶೇ 80 ಮತ್ತು ಶೇ 95ರ ವ್ಯಾಪ್ತಿಯ ಪಟ್ಟಿಗಳು ಇರುತ್ತವೆ. ನಮ್ಮ ರಾಜ್ಯಗಳ ಕೋಷ್ಟಕದ ಪಕ್ಕದಲ್ಲಿ ಅಂಥದೊಂದು ಪಟ್ಟಿ ಇಲ್ಲ. 2006ರ ಮುನ್ನಂದಾಜು ಎಲ್ಲೆಲ್ಲಿ ಎಷ್ಟು ತಪ್ಪಿತ್ತೆಂಬ ಅನುಭವ ಕೈಯಲ್ಲಿರುವಾಗ ಅಂತಹ ಪಟ್ಟಿ ಕೊಡುವುದು ಕಷ್ಟವೇನಲ್ಲ. ಈ ಕೊರತೆಗೆ ತಂಡದ ಜನಸಂಖ್ಯಾ ತಜ್ಞರ ಜಾಣ್ಮೆಯನ್ನು ದೂರುವಂತಿಲ್ಲ. ಸರ್ಕಾರಿ ಕಡತಗಳು ಒಂದೇ ಸಂಖ್ಯೆಯನ್ನು ಕೇಳುತ್ತವೆ, ವ್ಯಾಪ್ತಿಯನ್ನು ಕೇಳುವುದಿಲ್ಲ.

ಉತ್ತರ, ದಕ್ಷಿಣ ಎಂಬ ಗೆರೆ

ವರದಿಯನ್ನು ಬಳಸುವವರ ಕಡೆಗೆ ಈಗ ತಿರುಗೋಣ. ದೇಶದ ನಕಾಶೆಗೆ ಒಂದು ಅಡ್ಡಗೆರೆ ಎಳೆದು, ಮೇಲೆ ಬೆಳೆಯುವ ಉತ್ತರ, ಕೆಳಗೆ ಕುಗ್ಗುವ ದಕ್ಷಿಣ ಎಂದು ಹೇಳುವುದು ಈಗ ವಾಡಿಕೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಕೊಟ್ಟ ಫಲವಂತಿಕೆ ದರಗಳನ್ನು ಗಮನಿಸಿ. ಕರ್ನಾಟಕ 1.7, ಕೇರಳ ಮತ್ತು ತಮಿಳುನಾಡು 1.8. ಸರಿ, ದಕ್ಷಿಣ ಕೆಳಗಿದೆ. ಆದರೆ ಪಂಜಾಬ್ 1.6, ಪಶ್ಚಿಮ ಬಂಗಾಳ 1.6, ಹಿಮಾಚಲ ಪ್ರದೇಶ 1.7, ಜಮ್ಮು ಮತ್ತು ಕಾಶ್ಮೀರ 1.4, ಸಿಕ್ಕಿಂ 1.1. ಇವು ಯಾವ ದಕ್ಷಿಣದಲ್ಲಿವೆ? ಮರುಭರ್ತಿ ಮಟ್ಟಕ್ಕಿಂತ ಮೇಲಿದ್ದದ್ದು ಬಿಹಾರ (3.0), ಮೇಘಾಲಯ (2.9), ಉತ್ತರ ಪ್ರದೇಶ (2.4), ಜಾರ್ಖಂಡ್ (2.3), ಮಣಿಪುರ (2.2) ಮಾತ್ರ.

ಒಂದು ವರ್ಷದ ಮಟ್ಟವನ್ನು ನೋಡುವುದಕ್ಕೂ ಇಳಿಕೆಯ ವೇಗವನ್ನು ನೋಡುವುದಕ್ಕೂ ವ್ಯತ್ಯಾಸವಿದೆ. ಸ್ಥಾನ ಬೇರೆ, ವೇಗ ಬೇರೆ. 1992-93ರ ಮೊದಲ ಸಮೀಕ್ಷೆಯಲ್ಲಿ ಉತ್ತರ ಪ್ರದೇಶದ ದರ 4.8, ಬಿಹಾರದ್ದು 4.0. ಉತ್ತರ ಪ್ರದೇಶ ಸುಮಾರು 27 ವರ್ಷಗಳಲ್ಲಿ ಅರ್ಧಕ್ಕೆ ಇಳಿದಿದೆ. ಅದೇ ಅವಧಿಯಲ್ಲಿ ಬಿಹಾರ ಇಳಿದದ್ದು ಕಾಲು ಭಾಗ ಮಾತ್ರ. 1980ರ ದಶಕದಲ್ಲಿ ಜನಸಂಖ್ಯಾ ತಜ್ಞ ಆಶಿಶ್ ಬೋಸ್ ಈ ಎರಡನ್ನೂ ಮಧ್ಯ ಪ್ರದೇಶ ಮತ್ತು ರಾಜಸ್ಥಾನಗಳೊಂದಿಗೆ ಸೇರಿಸಿ 'ಬಿಮಾರು' ಎಂದು ಕರೆದಿದ್ದರು. ಆ ಹೆಸರು ಆಗ ಒಂದು ಕೆಲಸ ಮಾಡಿತು. ಈಗ ಅದೇ ಹೆಸರನ್ನು ಹಿಡಿದು ಕೂತರೆ ಆ ಗುಂಪಿನೊಳಗೆ ನಡೆದಿರುವ ದೊಡ್ಡ ಬದಲಾವಣೆಯೇ ಕಾಣದಂತಾಗುತ್ತದೆ.

ರಾಜ್ಯ ಎಂಬುದೂ ಒಂದು ಸರಾಸರಿಯೇ. 2001-2011ರಲ್ಲಿ ಕರ್ನಾಟಕದ ಬೆಳವಣಿಗೆ ಶೇ 15.6. ಈ ಒಂದು ಸಂಖ್ಯೆಯೊಳಗೆ ಬೆಂಗಳೂರು ನಗರ ಜಿಲ್ಲೆಯ ಸುಮಾರು ಶೇ 47 ಇದೆ, ಯಾದಗಿರಿಯ ಶೇ 22ಕ್ಕೂ ಮೀರಿದ ಏರಿಕೆ ಇದೆ, ಕೊಡಗಿನ ಸುಮಾರು ಶೇ 1 ಇದೆ, ಮತ್ತು ಚಿಕ್ಕಮಗಳೂರಿನ ಇಳಿಕೆಯೂ ಇದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ ಸುಮಾರು 11.41 ಲಕ್ಷ ಜನರಿದ್ದರು, 2011ರಲ್ಲಿ 11.38 ಲಕ್ಷ. ಕೇರಳದ ಪತ್ತನಂತಿಟ್ಟ ಮತ್ತು ಇಡುಕ್ಕಿ ಜಿಲ್ಲೆಗಳೂ ಅದೇ ದಶಕದಲ್ಲಿ ಕುಗ್ಗಿದವು, ಅದೇ ರಾಜ್ಯದ ಮಲಪ್ಪುರಂ ಶೇ 13ರಷ್ಟು ಬೆಳೆಯಿತು. ಬೆಂಗಳೂರಿನ ಏರಿಕೆಗೂ ಯಾದಗಿರಿಯ ಏರಿಕೆಗೂ ಕಾರಣ ಒಂದೇ ಅಲ್ಲ. ಮೊದಲನೆಯದು ಮುಖ್ಯವಾಗಿ ಬಂದವರಿಂದ, ಎರಡನೆಯದು ಹುಟ್ಟಿದವರಿಂದ. ಮಲೆನಾಡಿನ ಶಿಕ್ಷಕರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಅವರು ಅದನ್ನು ವರ್ಷವರ್ಷವೂ ನೋಡುತ್ತಿದ್ದಾರೆ. ಶಾಲೆ ಉಳಿಯಬೇಕೇ, ಪಕ್ಕದ ಊರಿನದರೊಂದಿಗೆ ಸೇರಬೇಕೇ ಎಂಬ ಚರ್ಚೆಯನ್ನು ರಾಜ್ಯದ ಸರಾಸರಿಯಿಂದ ನಿರ್ಧರಿಸಲು ಬರುವುದಿಲ್ಲ.

ಈ ಸಂಖ್ಯೆಗಳಿಗೆ ಹಣ, ಪಡಿತರ ಮತ್ತು ಪ್ರಾತಿನಿಧ್ಯ ಕಟ್ಟಿಕೊಂಡಿವೆ. 2013ರ ಆಹಾರ ಭದ್ರತಾ ಕಾಯಿದೆ ಗ್ರಾಮಾಂತರದ ಶೇ 75, ನಗರಗಳ ಶೇ 50ರಷ್ಟು ಜನರಿಗೆ ಪಡಿತರದ ಹಕ್ಕು ಕೊಡುತ್ತದೆ. ಆದರೆ ಫಲಾನುಭವಿಗಳ ಮಿತಿಯನ್ನು 2011ರ ಜನಗಣತಿಯ ಮೇಲೆ ಸುಮಾರು 81 ಕೋಟಿಗೆ ನಿಗದಿ ಮಾಡಲಾಯಿತು. ವರದಿಯ ಪ್ರಕಾರವೇ 2021ರ ಹೊತ್ತಿಗೆ ಬಿಹಾರದ ಜನಸಂಖ್ಯೆ 2011ಕ್ಕಿಂತ ಶೇ 18ರಷ್ಟು, ಕೇರಳದ್ದು ಶೇ 6ರಷ್ಟು ಹೆಚ್ಚಿರಬೇಕು. ಹಳೆಯ ಮಿತಿ ಎಲ್ಲರಿಗೂ ಒಂದೇ ರೀತಿ ಹಳೆಯದಲ್ಲ. ಎಲ್ಲಿ ಬಡತನ ಹೆಚ್ಚೋ, ಎಲ್ಲಿ ಮಕ್ಕಳು ಹೆಚ್ಚೋ ಅಲ್ಲಿಯೇ ಅದು ಹೆಚ್ಚು ಜನರನ್ನು ಹೊರಗಿಡುತ್ತದೆ.

ಲೋಕಸಭೆಯ ಸ್ಥಾನಗಳ ಪ್ರಶ್ನೆ ಎಲ್ಲರಿಗೂ ಗೊತ್ತಿರುವಂಥದು. 1976ರ 42ನೇ ತಿದ್ದುಪಡಿ ರಾಜ್ಯಗಳ ಸ್ಥಾನಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಅದರ ರಾಜಕೀಯದ ಚರ್ಚೆ ಈ ಪುಟಗಳಿಗೆ ಸೇರಿದ್ದಲ್ಲ. ತೆರಿಗೆ ಹಂಚಿಕೆಯ ಬಗ್ಗೆ ಒಂದು ಮಾತನ್ನು ಮಾತ್ರ ಹೇಳಬೇಕು, ಏಕೆಂದರೆ ಅಲ್ಲಿ ನಮ್ಮವರ ವಾದವೂ ಸಡಿಲವಾಗಿದೆ. 14ನೇ ಹಣಕಾಸು ಆಯೋಗದಲ್ಲಿ ಶೇ 4.71 ಇದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ 3.65ಕ್ಕೆ ಇಳಿಯಿತು. 'ಜನಸಂಖ್ಯೆ ನಿಯಂತ್ರಿಸಿದ್ದಕ್ಕೆ ಶಿಕ್ಷೆ' ಎಂದು ಅದನ್ನು ಬಣ್ಣಿಸಲಾಯಿತು. 15ನೇ ಆಯೋಗ 1971ರ ಬದಲು 2011ರ ಜನಸಂಖ್ಯೆಯನ್ನು ಹಿಡಿದದ್ದು ನಿಜ. ಆದರೆ ಅದರ ಸೂತ್ರದಲ್ಲಿ ಜನಸಂಖ್ಯೆಯ ತೂಕ ಶೇ 15, ಫಲವಂತಿಕೆ ಇಳಿಸಿದ ಸಾಧನೆಗೆ ಶೇ 12.5, ತಲಾ ಆದಾಯದ ಅಂತರಕ್ಕೆ ಶೇ 45. ಹೆಚ್ಚು ತಲಾ ಆದಾಯದ ರಾಜ್ಯಕ್ಕೆ ಕಡಿಮೆ ಪಾಲು ಎಂಬ ಆ ಶೇ 45ನ್ನು ಬಿಟ್ಟು ಜನಸಂಖ್ಯೆಯೊಂದನ್ನೇ ದೂರಿದರೆ ಸಮೀಕರಣದ ದೊಡ್ಡ ಪದವನ್ನು ಬಿಟ್ಟು ಸಣ್ಣದನ್ನು ಬಿಡಿಸಿದಂತೆ. ಮತ್ತೆ, ಆ ತಲಾ ಆದಾಯದ ಛೇದದಲ್ಲಿರುವುದೂ ಜನಸಂಖ್ಯೆಯ ಮುನ್ನಂದಾಜೇ! ಬೆಂಗಳೂರಿಗೆ ಬಂದು ದುಡಿಯುವವರು ರಾಜ್ಯದ ಉತ್ಪನ್ನದಲ್ಲಿ ಸೇರಿ, ಜನಸಂಖ್ಯೆಯ ಲೆಕ್ಕದಲ್ಲಿ ಬಿಟ್ಟುಹೋದರೆ ನಮ್ಮ ತಲಾ ಆದಾಯ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಛೇದ ಶೇ 3ರಷ್ಟು ಕಡಿಮೆಯಾದರೆ ಭಾಗಲಬ್ಧ ಸುಮಾರು ಶೇ 3ರಷ್ಟು ಏರುತ್ತದೆ. ರಾಜ್ಯದ ಪರವಾಗಿ ವಾದಿಸುವವರು ಈ ಅಂಶವನ್ನು ಎತ್ತಿದ್ದನ್ನು ನಾನು ಕಂಡಿಲ್ಲ.

2027ರ ಸಂಖ್ಯೆಗಳು ಹೊರಬಂದಾಗ ಶಾಲಾ ಕಾಲೇಜುಗಳಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇನೆ. ನಿಮ್ಮ ತಾಲ್ಲೂಕಿನ 1991, 2001 ಮತ್ತು 2011ರ ಜನಸಂಖ್ಯೆಯನ್ನು ಜನಗಣತಿ ಕೈಪಿಡಿಯಿಂದ ತೆಗೆಯಿರಿ. ಅದರಿಂದ 2027ಕ್ಕೆ ಎರಡು ರೀತಿಯಲ್ಲಿ ಅಂದಾಜು ಮಾಡಿ: ಘಾತೀಯ ವೃದ್ಧಿ ಎಂದು ಒಮ್ಮೆ, ದಶಕದಿಂದ ದಶಕಕ್ಕೆ ದರ ಇಳಿಯುತ್ತಿದೆ ಎಂದು ಇನ್ನೊಮ್ಮೆ. ಎರಡರ ನಡುವಿನ ಅಂತರವನ್ನು ನಿಮ್ಮ ಅನಿಶ್ಚಿತತೆಯ ಮೊದಲ ಅಂದಾಜಾಗಿ ಪಕ್ಕದಲ್ಲಿ ಬರೆಯಿರಿ. ಗಡಿಗಳ ಬಗ್ಗೆ ಎಚ್ಚರ ಬೇಕು. ಯಾದಗಿರಿ 2001ರಲ್ಲಿ ಜಿಲ್ಲೆಯೇ ಆಗಿರಲಿಲ್ಲ, ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ, ಹೊಸ ತಾಲ್ಲೂಕುಗಳೂ ಹಲವು ಆಗಿವೆ. ಆದ್ದರಿಂದ ಹಳೆಯ ಗಡಿಯೊಳಗಿನ ಹಳ್ಳಿಗಳನ್ನು ಕೂಡಿಸಿಯೇ ಹೋಲಿಸಬೇಕು. ಎಣಿಕೆಗೂ ಅಂದಾಜಿಗೂ ಅಂತರ ಕಂಡರೆ, ಅದನ್ನು ಜನನ, ಮರಣ, ವಲಸೆ ಎಂದು ಮೂರಾಗಿ ಒಡೆಯಲು ಪ್ರಯತ್ನಿಸಿ. ಜನನಕ್ಕೆ ಅಂಗನವಾಡಿಯ ದಾಖಲೆ ಮತ್ತು ಒಂದನೇ ತರಗತಿಯ ಹಾಜರಿ ನೆರವಾಗುತ್ತವೆ. ವಲಸೆಗೆ ಮಾತ್ರ ಊರಿನ ಹಿರಿಯರನ್ನು ಕೇಳಬೇಕಾದೀತು.